ಹೆಣದ ಕಣ್ಣು ಸುಳ್ಳು ಹೇಳಲಿಲ್ಲ

"ಅಯ್ಯಯ್ಯೋ... ಹೆಣ!"

ಅವಳು ಕಿರುಚಿದ ರಭಸಕ್ಕೆ ಕನ್ನಡಕದಂಗಡಿಯ ಗಾಜಿನ ಕಪಾಟುಗಳು ಗಲಗಲ ಎಂದವು. ಕೌಂಟರ್ ಹಿಂದೆ ತೂಕಡಿಸುತ್ತಿದ್ದ ಸೋದರಮಾವ ದಡಬಡ ಎದ್ದು ನಿಂತ.

ಬಾಗಿಲಲ್ಲಿ ನಿಂತಿದ್ದ ಯುವಕ ಗಾಬರಿಯಿಂದ ತನ್ನ ಬೆನ್ನ ಹಿಂದೆ ತಿರುಗಿ ನೋಡಿದ. ಅಲ್ಲಿ ಯಾರೂ ಇರಲಿಲ್ಲ.

"ನನಗಾ ಹೇಳಿದ್ದು?"

"ನೀವು... ನೀವು ನಿನ್ನೆ ಸತ್ತುಹೋದ್ರಲ್ಲ!"

ಅವನ ಮುಖ ಅರಳಿತು. "ನೋಡಿದ್ರಾ? ಮೊದಲನೇ ಜಾಹೀರಾತು ಬರೋಕೂ ಮುಂಚೆನೇ ಸತ್ತೆ. ಚೆನ್ನಾಗಿ ಬಂದಿತ್ತಾ?"

"ಚೆನ್ನಾಗಿ ಅಂದ್ರೆ... ನಮ್ಮಜ್ಜಿ ಕೈಲಿದ್ದ ಬಿಸ್ಕತ್ತು ಕೆಳಗಿಟ್ಟರು. ಯಾರು ಸತ್ರೂ ಬಿಸ್ಕತ್ತು ಕೆಳಗಿಡೋ ಪೈಕಿ ಅಲ್ಲ ಅವರು."

ಅವನು ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದ. ಆ ನಗು ನೋಡಿ ಅವಳ ಎದೆ ಢವಢವ ಹೊಡೆದುಕೊಂಡಿತು. ಹೆದರಿಕೆಗೋ, ಇನ್ನೇತಕ್ಕೋ ಅವಳಿಗೆ ತಿಳಿಯಲಿಲ್ಲ. ನಿಮಗೆ ತಿಳಿಯಿತು, ನನಗೂ ತಿಳಿಯಿತು, ಆದರೆ ಇಷ್ಟು ಬೇಗ ಒಪ್ಪಿಕೊಂಡುಬಿಟ್ಟರೆ ಕಥೆಗೇನು ಉಳಿಯುತ್ತದೆ!

ಹಿಂದಿನ ದಿನದ ಸಂಗತಿ ಹೇಳಿಬಿಡುತ್ತೇನೆ. ಭಾನುವಾರ ಸಂಜೆ ಟಿವಿಯಲ್ಲಿ 'ಗಾಜಿನ ಮನೆಯ ಸಾವು' ಎಂಬ ಕಿರುಧಾರಾವಾಹಿ ಶುರುವಾಗಿತ್ತು. ಐದೇ ಕಂತು, ವಾರಕ್ಕೊಂದು. ಹಳೆಯ ಗಡಿಯಾರಗಳ ಹುಚ್ಚಿನ ಒಬ್ಬ ಶ್ರೀಮಂತ ತನ್ನ ಮನೆಯ ಗಾಜಿನ ಕೋಣೆಯಲ್ಲಿ ಜಮಖಾನದ ಮೇಲೆ ಸತ್ತು ಬಿದ್ದಿರುತ್ತಾನೆ. ಆಗ ಆ ಮನೆಯಲ್ಲಿದ್ದವರು ಅವನ ತಂಗಿ, ವಕೀಲ, ವೈದ್ಯ, ಮಾಲಿ ಮತ್ತು ಅಡುಗೆಯವಳು. ಕೊಂದವರು ಯಾರು? ಪತ್ತೆ ಮಾಡಲು ಬರುವವಳಿಗೆ ಸದಾ ಶೀತ. ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ಎಲ್ಲರನ್ನೂ ಮಾತಾಡಿಸುತ್ತಾಳೆ. ಜೋರಾಗಿ ಒಮ್ಮೆ ಸೀನಿ, ಎದುರಿನವರು ಅಯ್ಯೋ ಪಾಪ ಅಂದುಕೊಳ್ಳುವಷ್ಟರಲ್ಲಿ ನಿಜವಾದ ಪ್ರಶ್ನೆ ಕೇಳಿಬಿಡುತ್ತಾಳೆ.

ನಮ್ಮ ನಾಯಕಿಯ ಮನೆಯಲ್ಲಿ ಇಂಥ ಧಾರಾವಾಹಿ ಬಂದರೆ ಮುಗಿಯಿತು, ಫೋನ್ ಬಂದರೂ ಎತ್ತುವವರಿಲ್ಲ. ಅಜ್ಜಿ ದೊಡ್ಡಾಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತಿಯಾದವಳು. ಟಿವಿಯ ಹೆಣಗಳು ಉಸಿರಾಡುವುದನ್ನು ಕಂಡುಹಿಡಿಯುವುದೇ ಅವಳಿಗೆ ಪರಮಾನಂದ. "ನೋಡು, ನೋಡು, ಹೊಟ್ಟೆ ಅಲ್ಲಾಡ್ತು! ಇದಕ್ಕಿನ್ನೂ ಒಂದು ಲೋಟ ಟೀ ಕುಡಿಸಬಹುದು!" ಎಂದು ಚಪ್ಪಾಳೆ ತಟ್ಟುತ್ತಿದ್ದಳು. ಆದರೆ ಈ ಹೆಣ ಅಲ್ಲಾಡಲಿಲ್ಲ. ಕ್ಯಾಮೆರಾ ಮುಖದ ಹತ್ತಿರಕ್ಕೇ ಬಂದು ನಿಂತರೂ ರೆಪ್ಪೆ ಕದಲಲಿಲ್ಲ. ಬಿಸ್ಕತ್ತು ಕೆಳಗಿಳಿದದ್ದು ಆಗಲೇ.

ಅಂಥ ಹೆಣ ಈಗ ಅಂಗಡಿಗೆ ಕನ್ನಡಕ ಮಾಡಿಸಲು ಬಂದಿತ್ತು!

ಅಂಗಡಿ ಮಾವನದು. ಹಿಂದಿನ ಸಣ್ಣ ಕೋಣೆಯಲ್ಲಿ ಕಣ್ಣು ಪರೀಕ್ಷೆ ಮಾಡುವುದು ಅವಳ ಕೆಲಸ. ಅವನನ್ನು ಕೂರಿಸಿ, ಗೋಡೆಯ ಮೇಲಿನ ಅಕ್ಷರ ಓದಿಸಿದಳು. ಮೊದಲ ಸಾಲು ದಾಟುವುದರೊಳಗೆ ಅವನು ಸೋತ.

"ಇಷ್ಟು ಮಂಜಾಗಿದ್ರೂ ಇಷ್ಟು ದಿನ ಸುಮ್ಮನಿದ್ರಾ?"

"ಹೆಣಕ್ಕೆ ಕಣ್ಣು ಯಾಕೆ ಹೇಳಿ? ನನ್ನ ಕೆಲಸವೇ ಅದು. ನೀರಲ್ಲಿ ಮುಳುಗಿ ಸತ್ತಿದ್ದೀನಿ, ಮಹಡಿಯಿಂದ ಬಿದ್ದು ಸತ್ತಿದ್ದೀನಿ, ಒಂದ್ಸಲ ಮದುವೆ ಮನೇಲೂ ಸತ್ತಿದ್ದೀನಿ. ಇಷ್ಟು ವರ್ಷದಲ್ಲಿ ಟಿವೀಲಿ ನನ್ನನ್ನ ನಾನು ಸರಿಯಾಗಿ ನೋಡೇ ಇಲ್ಲ, ಒಂದು ಮಸುಕು ಮುದ್ದೆ ಅಷ್ಟೇ."

"ಮತ್ತೆ ಈಗ್ಯಾಕೆ?"

ಅವನು ಸ್ವಲ್ಪ ನಾಚಿದ. "ಕೊನೇ ಕಂತಲ್ಲಿ ಹಿಂದಿನ ಕಥೆ ತೋರಿಸ್ತಾರೆ. ಅದ್ರಲ್ಲಿ ನಾನು ಬದುಕಿರ್ತೀನಿ. ಒಂದೇ ಒಂದು ಮಾತು ಆಡ್ತೀನಿ. ನನ್ನ ಜೀವನದ ಮೊದಲನೇ ಮಾತು... ಅದನ್ನ ಆಡೋದನ್ನ ನೋಡ್ಬೇಕು."

*ಒಂದು ಮಾತಿಗೋಸ್ಕರ ಕನ್ನಡಕ!*

ಪರದೆಯ ಆಚೆಯಿಂದ ಮಾವನ ತಲೆ ಒಳಗೆ ತೂರಿತು. "ಹಾಗಾದ್ರೆ ಕೊಂದಿದ್ದು ಯಾರು ಅಂತ ನಿಮಗೆ ಗೊತ್ತು!"

"ಗೊತ್ತು. ಆದ್ರೆ ಹೇಳೋ ಹಾಗಿಲ್ಲ ಸಾರ್. ಬಾಯಿ ಬಿಟ್ರೆ ಮುಂದಿನ ಧಾರಾವಾಹೀಲಿ ಕೊಟ್ಟಿರೋ ಪಾತ್ರ ಕಿತ್ಕೊಳ್ತಾರೆ. ಅದ್ರಲ್ಲಿ ನಾನು ಕೊನೇವರೆಗೂ ಬದುಕಿರ್ತೀನಿ!"

"ಒಂದು ಸಣ್ಣ ಸುಳಿವು?"

ಅವನು ಕಣ್ಣು ಮುಚ್ಚಿ ಕುರ್ಚಿಯಲ್ಲೇ ಸತ್ತುಹೋದ. ಕುತ್ತಿಗೆ ವಾಲಿತು, ಕೈ ಜೋತುಬಿತ್ತು, ಉಸಿರೂ ನಿಂತಿತು. ಮಾವ ಪಕ್ಕದಲ್ಲಿ ನಿಂತು ಕೆಮ್ಮಿದ, ಭುಜ ತಟ್ಟಿದ, ಕೊನೆಗೆ ಹೆದರಿ ಹೊರಗೆ ಹೋದ. ಆಮೇಲೆ ಅವನು ಒಂದು ಕಣ್ಣು ತೆರೆದು ಅವಳನ್ನು ನೋಡಿ ನಕ್ಕ.

ಅವಳೂ ನಕ್ಕಳು. ಆ ದಿನ ಮನೆಗೆ ಹೋಗುವಾಗ ದಾರಿಯುದ್ದಕ್ಕೂ ನಗುತ್ತಲೇ ಇದ್ದಳು.

ಮಾವ ಸುಮ್ಮನಿರುವ ಜಾತಿಯವನಲ್ಲ. ಮೂರು ದಿನದಲ್ಲಿ ಸಿದ್ಧವಾಗಬೇಕಾದ ಕನ್ನಡಕ ಮಾವನ ಕೃಪೆಯಿಂದ ವಾರಗಟ್ಟಲೆ ಸಿದ್ಧವಾಗಲೇ ಇಲ್ಲ. ಒಮ್ಮೆ ಗಾಜು ಬಂದಿಲ್ಲ, ಒಮ್ಮೆ ಬಂದ ಗಾಜು ಸರಿಯಿಲ್ಲ, ಒಮ್ಮೆ ಫ್ರೇಮಿನ ಸ್ಕ್ರೂ ಕಾಣೆ. ಅವನು ಮತ್ತೆ ಮತ್ತೆ ಬರಬೇಕು, ಬಂದಾಗಲೆಲ್ಲ ಬಾಯಿ ಬಿಡಿಸಬೇಕು, ಇದು ಮಾವನ ಲೆಕ್ಕಾಚಾರ.

ವಿಚಿತ್ರವೆಂದರೆ ಅವನೂ ಒಮ್ಮೆಯೂ ಸಿಟ್ಟಾಗಲಿಲ್ಲ. "ಗಾಜು ಬಂದಿಲ್ವಾ? ಪರವಾಗಿಲ್ಲ, ನಾಳೆ ಬರ್ತೀನಿ," ಎನ್ನುವಾಗ ಅವನ ದನಿಯಲ್ಲಿ ಬೇಸರಕ್ಕಿಂತ ಸಂತೋಷವೇ ಜಾಸ್ತಿ ಇರುತ್ತಿತ್ತು. ಅದು ಮಾವನಿಗೆ ಕೇಳಿಸಲಿಲ್ಲ. ಅವಳಿಗೂ ಕೇಳಿಸಲಿಲ್ಲ. ಕಣ್ಣಿನ ಕೆಲಸದವರಲ್ಲವೇ, ಕಿವಿಯ ಕಡೆ ಗಮನ ಕಡಿಮೆ!

ಮೂರನೇ ಕಂತಿನ ಹೊತ್ತಿಗೆ ಅವನು ಅವರ ಮನೆಯ ಸೋಫಾದ ಮೇಲೆ ಬಂದು ಕೂತಿದ್ದ. ಅಜ್ಜಿಯೇ ಕರೆಸಿದ್ದಳು.

"ಹೆಣ ಬಂತಾ? ಬಾ, ನನ್ನ ಪಕ್ಕ ಕೂತ್ಕೋ," ಎಂದಳು.

"ಬದುಕಿರೋ ಮನುಷ್ಯನ್ನ ಹಾಗೆಲ್ಲ ಕರೀಬಾರದಮ್ಮ," ಎಂದಳು ಅವಳ ಅಮ್ಮ, ಟೀ ಲೋಟ ಹಿಡಿದುಕೊಂಡು ಬರುತ್ತಾ. ಬಳಿಕ ಅವನ ಕಡೆ ತಿರುಗಿ, "ಸಕ್ಕರೆ ಎಷ್ಟು ಚಮಚ ಹಾಕ್ಲಿ ಹೆಣದವರೇ?" ಎಂದು ಕೇಳಿ ನಾಲಿಗೆ ಕಚ್ಚಿಕೊಂಡಳು.

ಧಾರಾವಾಹಿ ಶುರುವಾಯಿತು. ಅವನಿಗೆ ಟಿವಿ ಮಸುಕು. ಹಾಗಾಗಿ ಅವಳು ಪಕ್ಕದಲ್ಲಿ ಕೂತು ಮೆಲ್ಲಗೆ ವಿವರಿಸತೊಡಗಿದಳು. ಅವನು ಕಿವಿಯಲ್ಲೇ ನೋಡುತ್ತಾ, ಅವಳಿಗೆ ಕಾಣದ್ದನ್ನು ಹೇಳತೊಡಗಿದ.

"ಈಗ ಆ ಪತ್ತೇದಾರಿಣಿ ಕಿಟಕಿ ಹತ್ರ ನಿಂತಿದ್ದಾಳೆ. ಏನೂ ಮಾತಾಡ್ತಿಲ್ಲ."

"ಗಡಿಯಾರದ ಸದ್ದು ಕೇಳಿ. ಮೊದಲನೇ ಕಂತಲ್ಲಿ ಎಷ್ಟೊಂದು ಗಡಿಯಾರ ಟಿಕ್ ಟಿಕ್ ಅಂತಿದ್ವು, ನೆನಪಿದ್ಯಾ? ಕೀ ಕೊಡೋನು ಸತ್ತುಹೋದ್ನಲ್ಲ... ಕಂತಿಂದ ಕಂತಿಗೆ ಒಂದೊಂದೇ ನಿಲ್ತಾ ಬರುತ್ತೆ. ಯಾರೂ ಅದನ್ನ ಬಾಯಿಬಿಟ್ಟು ಹೇಳಲ್ಲ."

ಅವಳು ಕಿವಿಗೊಟ್ಟಳು. ಹೌದು! ಎರಡೋ ಮೂರೋ ಗಡಿಯಾರ ಮಾತ್ರ ಉಳಿದಿದ್ದವು. ಸತ್ತವನಿಗಾಗಿ ಆ ಮನೆಯಲ್ಲಿ ನಿಜವಾಗಿ ದುಃಖಪಡುತ್ತಿದ್ದದ್ದು ಆ ಗಡಿಯಾರಗಳು ಮಾತ್ರವೇನೋ ಅನ್ನಿಸಿ ಅವಳ ಮೈ ಜುಮ್ಮೆಂದಿತು. ಇದನ್ನು ಮಾಡಿದವರು ಎಷ್ಟು ಪ್ರೀತಿಯಿಂದ ಮಾಡಿದ್ದಾರೆ! ಅದನ್ನು ಇವನು ಎಷ್ಟು ಪ್ರೀತಿಯಿಂದ ತೋರಿಸಿಕೊಡುತ್ತಿದ್ದಾನೆ!

"ಅಡುಗೆಯವಳ ಮುಖ ನೋಡು, ಉಪ್ಪು ಹಾಕದ ಸಾರಿನ ಹಾಗೆ ಇಟ್ಕೊಂಡಿದ್ದಾಳೆ. ಅವಳೇ!" ಎಂದ ಮಾವ, ಓರೆಗಣ್ಣಲ್ಲಿ ಅವನನ್ನು ನೋಡುತ್ತಾ.

"ಸುಮ್ನಿರೋ! ಆ ತಂಗಿ ಪಾಪ ಎಷ್ಟು ಅಳ್ತಾ ಇದ್ದಾಳೆ," ಎಂದು ಅಜ್ಜಿ ಸೆರಗಿನ ಅಂಚಿನಿಂದ ಕಣ್ಣೊರೆಸಿಕೊಂಡಳು. "ಒಡಹುಟ್ಟಿದವಳ ಸಂಕಟ ನಿನಗೇನು ಗೊತ್ತು!"

ಅವನು ಟೀ ಲೋಟವನ್ನೇ ನೋಡುತ್ತಾ ಕೂತಿದ್ದ. ಅಷ್ಟರಲ್ಲಿ ಅವನ ಮೊಣಕೈ ಅವಳ ಮೊಣಕೈಗೆ ತಾಗಿತು. ಇಬ್ಬರೂ ತೆಗೆಯಲಿಲ್ಲ. ಟಿವಿಯಲ್ಲಿ ಆಮೇಲೆ ಏನಾಯಿತೆಂದು ಅವಳನ್ನು ಕೇಳಬೇಡಿ, ಅವಳಿಗೆ ಗೊತ್ತಿಲ್ಲ.

ಎಲ್ಲವೂ ಸರಿಯಾಗಿಯೇ ನಡೆಯುತ್ತಿತ್ತು. ಕೆಟ್ಟಿದ್ದು ನಾಲ್ಕನೇ ಕಂತಿನ ಮರುದಿನ.

ಮಾವನ ಫೋನಿನಲ್ಲಿ ಈ ಧಾರಾವಾಹಿ ನೋಡುವವರದ್ದೇ ಒಂದು ಗುಂಪು ಇತ್ತು. ಅಲ್ಲಿ ಹಗಲೆಲ್ಲ ಜಗಳ: ವಕೀಲನೋ, ವೈದ್ಯನೋ? ಮಾವನ ಊಹೆಯನ್ನು ಯಾರೋ ಗೇಲಿ ಮಾಡಿದ್ದರು.

"ಪುಟ್ಟೀ," ಎಂದ ಮಾವ ಮುಖ ಊದಿಸಿಕೊಂಡು, "ಮನಸ್ಸಿನಲ್ಲಿರೋದು ಕೇಳಿಸಿದ್ರೆ ಕಣ್ಣಿನ ಪಾಪೆ ದೊಡ್ಡದಾಗುತ್ತೆ ಅಂತ ನೀನೇ ಒಂದ್ಸಲ ಹೇಳಿದ್ದೆ ತಾನೆ?"

"ಹೌದು. ಭಯ, ಆಸೆ, ಗಾಬರಿ... ಏನಾದ್ರೂ ಒಳಗೆ ತಟ್ಟಿದ್ರೆ ದೊಡ್ಡದಾಗುತ್ತೆ. ಅದಕ್ಕೇನೀಗ?"

"ಅವನು ಕಣ್ಣಿನ ಪರೀಕ್ಷೆ ಯಂತ್ರದ ಮೇಲೆ ಗದ್ದ ಇಟ್ಟು ಕೂತಿರ್ತಾನೆ. ನೀನು ಐದು ಜನರ ಹೆಸರು ಒಂದೊಂದಾಗಿ ಹೇಳು. ಯಾರ ಹೆಸರಿಗೆ ಪಾಪೆ ಅರಳುತ್ತೋ..."

"ಛೀ, ಮೋಸ ಅದು!"

"ಎಲ್ಲಿಯ ಮೋಸ? ಅವನು ಬಾಯಿ ಬಿಡೋದಿಲ್ಲ. ಮಾತು ಉಳೀತು. ನಮಗೆ ವಿಷಯ ಸಿಕ್ತು. ಯಾರಿಗೂ ಹೇಳಲ್ಲ, ನನ್ನಾಣೆ!"

ಬೇಡವೆನ್ನಬೇಕಿತ್ತು ಅವಳು. ಆದರೆ ಅವಳಿಗೂ ತಿಳಿಯುವ ಕುತೂಹಲ ತಲೆ ತಿನ್ನುತ್ತಿತ್ತು. *ಬಾಯಿ ಬಿಡಿಸಲ್ಲವಲ್ಲ, ಕಣ್ಣು ನೋಡ್ತೀನಿ ಅಷ್ಟೇ. ಅದು ನನ್ನ ಕೆಲಸ ತಾನೆ?* ತಪ್ಪು ಮಾಡುವ ಮುಂಚೆ ಮನುಷ್ಯರು ತಮಗೆ ತಾವೇ ಎಷ್ಟು ಒಳ್ಳೆಯ ವಕೀಲರಾಗುತ್ತಾರೆ ನೋಡಿ!

ಅವನು ಎಂದಿನಂತೆ ಬಂದ. ಕೊನೆಯ ಸಲ ಪವರ್ ನೋಡಬೇಕೆಂದು ಅವಳು ಕೂರಿಸಿದಳು. ಅವನು ಯಂತ್ರದ ಮೇಲೆ ಗದ್ದವಿಟ್ಟು, ಪಟ್ಟಿಗೆ ಹಣೆ ಆನಿಸಿದ. ಈಚೆ ಕಡೆಯಿಂದ ಅವಳು ಮಸೂರದೊಳಗೆ ಇಣುಕಿದಳು. ಕಂದು ಬಣ್ಣದ ಕಣ್ಣು, ನಡುವೆ ಕಪ್ಪು ಪಾಪೆ.

"ನಿನ್ನೆ ಕಂತಲ್ಲಿ ಆ... ವಕೀಲ ಚೆನ್ನಾಗಿ ಮಾಡಿದ್ದಾನೆ, ಅಲ್ವಾ?"

ಪಾಪೆ ಕದಲಲಿಲ್ಲ.

"ವೈದ್ಯನೂ ಪರವಾಗಿಲ್ಲ."

ಏನೂ ಇಲ್ಲ.

"ಮಾಲಿ... ತಂಗಿ..."

ಊಹೂಂ. ಹೆಣದ ಕಣ್ಣು ಹೆಣದ ಹಾಗೇ ಇತ್ತು.

ಕೊನೆಯ ಹೆಸರಿಗೆ ಇನ್ನಷ್ಟು ಸರಿಯಾಗಿ ನೋಡೋಣವೆಂದು ಅವಳು ಸ್ಟೂಲನ್ನು ಮುಂದಕ್ಕೆಳೆದುಕೊಂಡು ಬಾಗಿದಳು. ಭುಜದ ಮೇಲಿದ್ದ ಜಡೆ ಜಾರಿತು. ಮೇಜಿನ ಮೇಲಿದ್ದ ಅವನ ಕೈಮೇಲೆ ಬಿತ್ತು. ಅವಳಿಗೆ ಅದರ ಪರಿವೆಯೇ ಇಲ್ಲ.

"ಅಡುಗೆಯವಳು!"

ಅಬ್ಬಾ! ಪಾಪೆ ಅರಳಿತು... ಇನ್ನೂ ಅರಳಿತು... ಕಂದು ಬಣ್ಣವೇ ಕಾಣದಷ್ಟು ಕಪ್ಪಾಯಿತು!

*ಸಿಕ್ಕಿಬಿದ್ದ!*

"ಆಯ್ತು, ಆಯ್ತು, ಏಳಿ," ಎಂದಳು ಅವಳು, ಉಸಿರು ಬಿಗಿಹಿಡಿದು. ಅವನು ಏಳಲು ಸ್ವಲ್ಪ ಹೊತ್ತು ಹಿಡಿಯಿತು. ತನ್ನ ಕೈಯನ್ನು ತಾನೇ ಮೊದಲ ಸಲ ನೋಡುವವನಂತೆ ನೋಡಿಕೊಳ್ಳುತ್ತಾ ಹೊರಗೆ ಹೋದ.

ಮಾವನ ಆಣೆ ಆ ದಿನದ ಊಟದ ಹೊತ್ತಿಗೇ ಮಣ್ಣುಪಾಲಾಯಿತು. ಗುಂಪಿನಲ್ಲಿ ಹಾಕಿಯೇಬಿಟ್ಟ: 'ಅಡುಗೆಯವಳೇ ಕೊಲೆಗಾರ್ತಿ. ಹೆಣದ ಕಣ್ಣನ್ನೇ ನಮ್ಮ ಅಂಗಡಿಯಲ್ಲಿ ಪರೀಕ್ಷೆ ಮಾಡಿ ತಿಳಿದುಕೊಂಡಿದ್ದೇವೆ. ನೂರಕ್ಕೆ ನೂರು.' ಒಬ್ಬರಿಂದ ಇನ್ನೊಬ್ಬರಿಗೆ, ಅಲ್ಲಿಂದ ಮತ್ತೊಬ್ಬರಿಗೆ ಹೋಗಿ, ಕೊನೆಗೆ ಅದು ಧಾರಾವಾಹಿ ಮಾಡಿದ ಕಂಪನಿಯವರ ಫೋನಿಗೂ ಬಂದು ಬಿತ್ತು.

ಶನಿವಾರ ಅವನು ಅಂಗಡಿಗೆ ಬಂದಾಗ ಮುಖದಲ್ಲಿ ನಗು ಇರಲಿಲ್ಲ. ಅವಳು ಖುಷಿಯಿಂದ ಕನ್ನಡಕದ ಡಬ್ಬಿ ಹಿಡಿದುಕೊಂಡು ಎದ್ದಳು. ಕೊನೆಗೂ ಅವಳೇ ಮಾವನ ಕಪಾಟಿನಿಂದ ಅದನ್ನು ಹುಡುಕಿ ತೆಗೆದು, ಒರೆಸಿ, ಸಿದ್ಧ ಮಾಡಿಟ್ಟಿದ್ದಳು.

"ನೋಡಿ, ಬಂತು! ನಾಳೆ ನಿಮ್ಮ ಮಾತನ್ನ ನೀವೇ..."

"ಸೋಮವಾರ ನೀವು ಮಾಡಿದ್ದು ಕಣ್ಣಿನ ಪರೀಕ್ಷೆಯಾ? ವಿಚಾರಣೆಯಾ?"

ಅವಳ ಕೈ ಅಲ್ಲೇ ನಿಂತಿತು.

"ಕಂಪನಿಯವ್ರು ಕರೆಸಿದ್ರು," ಎಂದ ಅವನು, ದನಿ ಏರಿಸದೆ. "ಯಾರ ಹತ್ರ ಬಾಯಿ ಬಿಟ್ಟೆ ಅಂತ ಕೇಳಿದ್ರು. ಇಲ್ಲ ಅಂದೆ, ನಂಬಲಿಲ್ಲ. ಅಡುಗೆಯವಳು ಹೌದೋ ಅಲ್ವೋ ಅಂತ ಹೊರಗೆ ಹೇಳೋ ಹಾಗೂ ಇಲ್ಲ. ನಾಳೆವರೆಗೆ ನೋಡ್ತಾರಂತೆ. ಆ ಪಾತ್ರ ಬಹುಶಃ ಹೋಯ್ತು. ಅದು ಹೋಗ್ಲಿ ಬಿಡಿ... ನನಗೆ ಒಂದೇ ಉತ್ತರ ಬೇಕು. ಇಷ್ಟು ದಿನ ಟೀ ಕೊಟ್ಟಿದ್ದು, ಪಕ್ಕ ಕೂತು ಕಥೆ ಹೇಳಿದ್ದು, ನಕ್ಕಿದ್ದು... ಎಲ್ಲಾ ಇದಕ್ಕೋಸ್ಕರನಾ?"

*ಅಲ್ಲ! ಅಲ್ವೇ ಅಲ್ಲ!* ಅವಳ ಒಳಗೆಲ್ಲ ಅದೇ ಕೂಗು. ಆದರೆ ಪರೀಕ್ಷೆ ಮಾಡಿದ್ದು ತಾನೇ. ಸುಳ್ಳು ಹೇಗೆ ಹೇಳುವುದು?

"ಪರೀಕ್ಷೆ ಮಾಡಿದ್ದು... ನಿಜ," ಎಂದಳು.

ಅವನು ತಲೆಯಾಡಿಸಿದ. ಕನ್ನಡಕವನ್ನು ಮುಟ್ಟಲಿಲ್ಲ. ತಿರುಗಿ ಹೊರಟವನು ದೃಷ್ಟಿ ಸಾಲದೆ ಗಾಜಿನ ಬಾಗಿಲಿಗೆ ಹಣೆ ಹೊಡೆದುಕೊಂಡ. ಬೇರೆ ದಿನವಾಗಿದ್ದರೆ ಇಬ್ಬರೂ ನಗುತ್ತಿದ್ದರು. ಅವಳು ಕೌಂಟರ್ ಹಿಂದೆ ಕುಕ್ಕರಿಸಿ ಕೂತು, ಡಬ್ಬಿಯನ್ನು ಎದೆಗವಚಿಕೊಂಡು ಬಿಕ್ಕಿಬಿಕ್ಕಿ ಅತ್ತಳು.

ಮಾವ ದೂರದಲ್ಲಿ ನಿಂತು ಕೈ ಹಿಸುಕಿಕೊಳ್ಳುತ್ತಿದ್ದ. "ನಾನು ಒಬ್ಬರಿಗೇ ಹೇಳೋಣ ಅಂದ್ಕೊಂಡಿದ್ದೆ ಪುಟ್ಟೀ... ಗುಂಪಲ್ಲಿ ಇಷ್ಟೊಂದು ಜನ ಇರ್ತಾರೆ ಅಂತ..."

"ಮಾವಾ, ಮಾತಾಡಬೇಡ!"

ಭಾನುವಾರ ಬಂತು. ಕೊನೆಯ ಕಂತು. ಯಾರಿಗೂ ಟೀ ಬೇಕಿರಲಿಲ್ಲ. ಸೋಫಾದಲ್ಲಿ ಅವನು ಕೂರುತ್ತಿದ್ದ ಜಾಗವನ್ನು ಯಾರೂ ಹೇಳದೆಯೇ ಖಾಲಿ ಬಿಟ್ಟಿದ್ದರು.

ಶೀತದ ಪತ್ತೇದಾರಿಣಿ ಎಲ್ಲರನ್ನೂ ಗಾಜಿನ ಕೋಣೆಗೆ ಕರೆಸಿದಳು. ಕೊನೆಯ ಗಡಿಯಾರವೂ ನಿಂತಿತು. ಆ ನಿಶ್ಶಬ್ದದಲ್ಲೇ ಹಿಂದಿನ ಕಥೆ ತೆರೆದುಕೊಂಡಿತು.

ಅವನು! ಜೀವಂತ! ಗಡಿಯಾರಕ್ಕೆ ಕೀ ಕೊಡುತ್ತಾ ನಿಂತಿದ್ದಾನೆ. ಯಾರೋ ಬಾಗಿಲು ತಟ್ಟಿದರು. ಅವನು ತಿರುಗಿದ, ಮುಖವೆಲ್ಲ ಬೆಳಗಿತು.

"ನೀನಾ?" ಎಂದ. "ಬಾಗಿಲು ತೆರೆದೇ ಇದೆ... ಬಾ."

ಇಷ್ಟೇ ಮಾತು. ಅದರಲ್ಲಿ ಎಂಥ ನಂಬಿಕೆ ಇತ್ತೆಂದರೆ ಅವಳಿಗೆ ಉಸಿರು ಸಿಕ್ಕಿಕೊಂಡಂತಾಯಿತು. ಒಳಗೆ ಬಂದಳು, ಹಾಲಿನ ಲೋಟ ಹಿಡಿದು... ತಂಗಿ!

"ಅವಳಾ!" ಅಜ್ಜಿ ಸೋಫಾದಿಂದ ಹಾರಿಬಿದ್ದಳು. "ನಾಲ್ಕು ವಾರ ಅವಳ ಜೊತೆ ಕೂತು ಅತ್ತೆನಲ್ಲೋ! ನನ್ನ ಕಣ್ಣೀರೆಲ್ಲ ದಂಡ!"

"ಅಡುಗೆಯವಳಲ್ವಾ?" ಮಾವ ಕುಸಿದು ಕೂತ. ಫೋನಿನಲ್ಲಿ ಗುಂಪಿನವರ ನಗು ಟಿಣ್ ಟಿಣ್ ಎಂದು ಬಂದು ಬೀಳುತ್ತಿತ್ತು.

ಅವಳು ಮಾತ್ರ ಕಂಬದಂತೆ ನಿಂತಿದ್ದಳು. "ಸಾಧ್ಯವೇ ಇಲ್ಲ. ನಾನೇ ನೋಡಿದ್ದೀನಿ. ತಂಗಿ ಅಂದಾಗ ಅವರ ಕಣ್ಣು ಕದಲಲೇ ಇಲ್ಲ. ಅಡುಗೆಯವಳು ಅಂದಾಗ ಅಷ್ಟು ದೊಡ್ಡ ಪಾಪೆ..."

ಅಜ್ಜಿ ನಿಧಾನವಾಗಿ ಅವಳ ಕಡೆ ತಿರುಗಿದಳು. ಆ ಮುಖದಲ್ಲಿ ಒಂದು ಹೊಸ ಕಳೆ ಬಂದಿತ್ತು. ಟಿವಿಯ ಸದ್ದು ಅಡಗಿಸಿದಳು. ಸೆರಗಿನ ತುದಿಯನ್ನು ಮೂಗಿಗೆ ಹಿಡಿದುಕೊಂಡಳು. ನಿಜವಾದ ಶೀತವೇನೂ ಇರಲಿಲ್ಲ.

"ಎಲ್ಲರೂ ಕೂತ್ಕೊಳ್ಳಿ. ಯಾರೂ ಮನೆ ಬಿಟ್ಟು ಹೋಗೋ ಹಾಗಿಲ್ಲ."

"ಅಮ್ಮಾ, ಇದೇನು..." ಎಂದಳು ಅಮ್ಮ.

"ಕೂತ್ಕೋ ಅಂದೆ! ಹೆಣಕ್ಕೆ ಅಭ್ಯಾಸ ಇದೆ. ಕೊಲೆಗಾರ್ತಿ ಹೆಸರು ಕೇಳಿದ್ರೂ ಅದು ಕದಲಲ್ಲ, ಅದರ ಕಸುಬು ಅದು. ಹಾಗಾದ್ರೆ ಕದಲಿಸಿದ್ದು ಹೆಸರಲ್ಲ, ಬೇರೆ ಏನೋ. ಹೇಳೇ ಪುಟ್ಟಿ, ಅಡುಗೆಯವಳು ಅನ್ನೋವಾಗ ನೀನು ಏನು ಮಾಡ್ತಾ ಇದ್ದೆ?"

"ಏನೂ ಇಲ್ಲಜ್ಜಿ. ಸ್ಟೂಲು ಮುಂದಕ್ಕೆಳ್ಕೊಂಡೆ. ಬಗ್ಗಿದೆ."

ಅಜ್ಜಿ ಜೋರಾಗಿ ಸೀನಿದಳು. ಮಾವ ಬೆಚ್ಚಿಬಿದ್ದ. ತಕ್ಷಣ ಅಜ್ಜಿಯ ಬೆರಳು ಅವನ ಕಡೆ ತಿರುಗಿತು. "ನೀನು ಪರದೆ ಸಂದಿಯಿಂದ ನೋಡ್ತಿದ್ದೆ! ಏನು ಕಂಡೆ? ಬೊಗಳು!"

"ನಾನೇನೂ... ಇವಳ ಜಡೆ ಜಾರಿ ಅವನ ಕೈಮೇಲೆ ಬಿತ್ತು. ಅಷ್ಟೇ. ಅವನು ಕೈ ತೆಗೀಲೇ ಇಲ್ಲ, ಉಸಿರೂ ಆಡ್ಲಿಲ್ಲ. ನಾನು ಅಭ್ಯಾಸ ಮಾಡ್ತಿದ್ದಾನೆ ಅಂದ್ಕೊಂಡೆ."

ಅಮ್ಮ ಫಕ್ಕನೆ ನಕ್ಕು ಕೈಯಿಂದ ಬಾಯಿ ಮುಚ್ಚಿಕೊಂಡಳು.

"ಪ್ರಕರಣ ಮುಗೀತು," ಎಂದಳು ಅಜ್ಜಿ, ಸೆರಗು ಕೆಳಗಿಳಿಸಿ. ಬಿಸ್ಕತ್ತಿನ ತಟ್ಟೆಗೆ ಕೈಹಾಕಿದಳು.

ಅವಳ ಮುಖ ಕೆಂಪೇರಿತು, ಕಿವಿ ಬಿಸಿಯಾಯಿತು. *ಭಯ, ಆಸೆ, ಗಾಬರಿ... ಒಳಗೆ ತಟ್ಟಿದ್ದು ನಾನಾ? ಮಸೂರ ಹಾಕ್ಕೊಂಡು ನೋಡಿದ್ರೂ ನನಗೆ ಕಾಣಲಿಲ್ವಲ್ಲಾ!* ಮರುಕ್ಷಣವೇ ಎದೆ ಹಿಂಡಿತು. ಆ ಕಣ್ಣುಗಳು ತಮ್ಮ ಗುಟ್ಟನ್ನು ಅವಳಿಗೆ ಹೇಳಿಕೊಂಡಿದ್ದವು. ಅವಳು ಅದನ್ನು ಅಡುಗೆಯವಳ ತಲೆಗೆ ಕಟ್ಟಿದ್ದಳು.

"ಅವರು ಇನ್ನೂ ತಮ್ಮ ಮಾತನ್ನ ನೋಡಿಲ್ಲ," ಎಂದಳು ಇದ್ದಕ್ಕಿದ್ದಂತೆ. "ಕನ್ನಡಕ ನನ್ನ ಹತ್ರಾನೇ ಇದೆ."

"ರಾತ್ರಿ ಎಂಟು ಗಂಟೆಗೆ ಮರುಪ್ರಸಾರ ಇದೆ ಕಣೇ," ಎಂದಳು ಅಮ್ಮ. "ಓಡು!"

ಅವಳು ಓಡಿದಳು. ಎರಡು ಕಾಲಿಗೆ ಎರಡು ಬೇರೆ ಬೇರೆ ಚಪ್ಪಲಿ, ಅದರಲ್ಲಿ ಒಂದು ಮಾವನದು.

ಅವನ ಮನೆ, ಕನ್ನಡಕದ ಚೀಟಿಯಲ್ಲಿ ಬರೆದಿದ್ದಂತೆ, ಸೈಕಲ್ ರಿಪೇರಿ ಅಂಗಡಿಯ ಮೇಲೆ. ಮೆಟ್ಟಿಲು ಹತ್ತಿ, ಕಿಟಕಿಯ ಸಂದಿಯಿಂದ ಇಣುಕಿದವಳ ಜೀವ ಬಾಯಿಗೆ ಬಂತು. ಅವನು ನೆಲದ ಮೇಲೆ ಅಂಗಾತ ಬಿದ್ದಿದ್ದ. ಅಲುಗಾಡುತ್ತಿಲ್ಲ. ಅಜ್ಜಿ ಕಲಿಸಿದಂತೆ ಹೊಟ್ಟೆ ನೋಡಿದಳು. ಏಳುತ್ತಿಲ್ಲ, ಇಳಿಯುತ್ತಿಲ್ಲ!

"ಅಯ್ಯಯ್ಯೋ!"

"ಇಲ್ಲಿ ಯಾರೂ ಇಲ್ಲ," ಎಂದಿತು ಹೆಣ, ಕಣ್ಣು ತೆರೆಯದೆ. "ಸತ್ತುಹೋಗಿದ್ದಾರೆ."

ಅವಳಿಗೆ ಅಳು, ನಗು ಎರಡೂ ಒಟ್ಟಿಗೇ ಬಂದವು. ಬಾಗಿಲ ಬಳಿ ಹೋಗಿ ನಿಂತಳು. "ಬೇಜಾರಾದ್ರೆ ಹೀಗೇನಾ ಮಲಗೋದು?"

"ಬೇಜಾರಿಗೂ ಅಭ್ಯಾಸಕ್ಕೂ ಎರಡಕ್ಕೂ ಆಗುತ್ತೆ. ಕಂಪನಿಯವ್ರು ಈಗ್ತಾನೆ ಫೋನ್ ಮಾಡಿದ್ರು. ಅಡುಗೆಯವಳಲ್ಲ ಅಂದ ಮೇಲೆ ನಾನು ಹೇಳಿಲ್ಲ ಅಂತ ನಂಬಿಕೆ ಬಂತಂತೆ. ಪಾತ್ರ ಉಳೀತು. ನಿಮ್ಮ ತಪ್ಪು ಲೆಕ್ಕದಿಂದ ನಾನು ಬದುಕ್ಕೊಂಡೆ. ಥ್ಯಾಂಕ್ಸ್. ಹೋಗಿಬನ್ನಿ."

"ಹೋಗಲ್ಲ! ನಾನು ಮಾಡಿದ್ದು ತಪ್ಪು. ಮಾವ ಹೇಳಿದ್ದಕ್ಕೆ ಮಾಡಿದೆ ಅಂತ ಮಾವನ ತಲೆಗೂ ಕಟ್ಟಲ್ಲ. ನನಗೂ ಗುಟ್ಟು ತಿಳ್ಕೊಳ್ಳೋ ಆಸೆ ಇತ್ತು. ನೀವು ನಂಬಿ ಗದ್ದ ಇಟ್ಟು ಕೂತ್ರಿ, ನಾನು ಕದ್ದು ನೋಡಿದೆ. ಕ್ಷಮಿಸಿ."

ಒಳಗೆ ಹೆಣ ಮಗ್ಗುಲು ಬದಲಿಸಿದ ಸದ್ದಾಯಿತು.

"ಆದ್ರೆ ಟೀ ಕೊಟ್ಟಿದ್ದು ಅದಕ್ಕಲ್ಲ! ಪಕ್ಕ ಕೂತಿದ್ದೂ ಅದಕ್ಕಲ್ಲ. ನೀವು ಬರ್ತೀರ ಅಂತ ದಿನಾ ಬೆಳಿಗ್ಗೆ ಜಡೆ ಎರಡು ಸಲ ಹೆಣ್ಕೊಳ್ತಿದ್ದೆ. ಕನ್ನಡಕ ತಡವಾದಷ್ಟೂ ಒಳಗೊಳಗೇ ಖುಷಿಪಡ್ತಿದ್ದೆ. ನನಗೆ... ನನಗೆ ನೀವು ಅಂದ್ರೆ..."

"ಸ್ವಲ್ಪ ಜೋರಾಗಿ ಹೇಳಮ್ಮಾ!" ಎಂದು ಕೆಳಗಿನಿಂದ ಸೈಕಲ್ ಅಂಗಡಿಯವನು ಕೂಗಿದ. "ಇಲ್ಲಿ ಸರಿಯಾಗಿ ಕೇಳಿಸ್ತಿಲ್ಲ!"

"ನನಗೆ ನೀವು ಅಂದ್ರೆ ತುಂಬಾ ಇಷ್ಟ!" ಎಂದು ಅವಳು ಬೀದಿಗೆಲ್ಲ ಕೇಳುವಂತೆ ಕೂಗಿಯೇಬಿಟ್ಟಳು. ಅನಂತರ ಬಾಗಿಲಿಗೆ ಹಣೆಯಿಟ್ಟು, ಅವನೊಬ್ಬನಿಗೇ ಕೇಳುವಂತೆ ಹೇಳಿದಳು, "ಕನ್ನಡಕ ತಂದಿದ್ದೀನಿ. ನಿಮ್ಮ ಮಾತು ತಪ್ಪಿಸ್ಕೋಬೇಡಿ. ನನ್ನ ಜೊತೆ ಮಾತು ಬಿಟ್ರೂ ಪರವಾಗಿಲ್ಲ. ಇಲ್ಲೇ ಹೊಸ್ತಿಲ ಮೇಲೆ ಇಟ್ಟು ಹೋಗ್ತೀನಿ."

ಬಗ್ಗಿ ಡಬ್ಬಿಯನ್ನು ಕೆಳಗಿಡಬೇಕು, ಅಷ್ಟರಲ್ಲಿ ಒಳಗಿನಿಂದ ದನಿ ಬಂತು. ಸಂಜೆ ಟಿವಿಯಲ್ಲಿ ಕೇಳಿದ್ದ ಅದೇ ದನಿ. ಆದರೆ ಇದು ಸ್ವಲ್ಪ ನಡುಗುತ್ತಿತ್ತು.

"ಬಾಗಿಲು ತೆರೆದೇ ಇದೆ... ಬಾ."

ಅವಳು ಮೆಲ್ಲಗೆ ತಳ್ಳಿದಳು. ಬಾಗಿಲು ತೆರೆಯಿತು. ಚಿಲಕ ಹಾಕಿರಲೇ ಇಲ್ಲ, ಇಷ್ಟು ಹೊತ್ತು ಅವಳು ತಳ್ಳಿ ನೋಡಿರಲಿಲ್ಲ ಅಷ್ಟೇ.

ಅವನು ಎದ್ದು ಕೂತಿದ್ದ. ಹಣೆಯ ಮೇಲೆ ನಿನ್ನೆಯ ಬಾಗಿಲಿನ ಬುಗುಟು. ಅವಳು ಎದುರಿಗೆ ಮಂಡಿಯೂರಿ, ಕನ್ನಡಕವನ್ನು ಅವನ ಕಿವಿಗಳಿಗೆ ಸಿಕ್ಕಿಸಿದಳು. ಅವನು ರೆಪ್ಪೆ ಬಡಿದ. ಸುಮ್ಮನೆ ನೋಡಿದ.

"ಟಿವಿ ಆ ಕಡೆ ಇದೆ," ಎಂದಳು ಅವಳು.

"ಗೊತ್ತು. ಮೊದಲು ಇಲ್ಲಿ ನೋಡಿ ಮುಗಿಸ್ತೀನಿ."

ಇಬ್ಬರೂ ಗೋಡೆಗೆ ಒರಗಿ, ನೆಲದ ಮೇಲೆಯೇ ಕೂತು ಕೊನೆಯ ಕಂತು ನೋಡಿದರು. ಆ ಗಳಿಗೆ ಬಂದಾಗ ಅವನು ಅವಳ ಕೈ ಗಟ್ಟಿಯಾಗಿ ಹಿಡಿದುಕೊಂಡ. ತೆರೆಯ ಮೇಲೆ ಅವನು ತಿರುಗಿದ, ಬೆಳಗಿದ, ಆಡಿದ. ಆಡಿ ಮುಗಿಸಿದ ಮೇಲೂ ಅವನು ಕಣ್ಣು ಕೀಳಲಿಲ್ಲ. ಕನ್ನಡಕದ ಕೆಳಗಿನಿಂದ ಒಂದು ಹನಿ ಇಳಿಯಿತು.

"ಎಷ್ಟು ಚೆನ್ನಾಗಿ ಹೇಳಿದ್ದೀಯ!" ಎಂದಳು ಅವಳು. 'ನೀವು' ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ.

"ಆ ದಿನ ಎಷ್ಟು ಸಲ ತೆಗೆದ್ರೂ ಸರಿ ಬರ್ತಿರ್ಲಿಲ್ಲ. ಯಾರು ಬಂದ್ರೆ ನೀನು ಯೋಚನೇನೇ ಮಾಡ್ದೆ ಬಾಗಿಲು ತೆಗೀತೀಯೋ ಅವರನ್ನ ನೆನೆಸ್ಕೊಂಡು ಹೇಳು ಅಂದ್ರು ನಿರ್ದೇಶಕರು. ನನಗೆ ಹಾಗೆ ಯಾರೂ ನೆನಪಾಗ್ಲಿಲ್ಲ. ಕೊನೆಗೆ ಹೇಗೋ ಹೇಳಿ ಮುಗಿಸಿದೆ."

"ಈಗ?"

"ಈಗ ಒಂದೇ ಸಲಕ್ಕೆ ಬಂತಲ್ಲ. ಬಾಗಿಲ ಹತ್ರ ನಿಂತು ನೀನೇ ಕೇಳಿಸ್ಕೊಂಡೆ ತಾನೆ?"

ಅವಳು ಜಡೆಯನ್ನು ಭುಜದ ಮೇಲಿಂದ ಮುಂದಕ್ಕೆ ತಂದು, ಬೇಕೆಂದೇ ಅವನ ಕೈಮೇಲೆ ಹಾಕಿದಳು. ಕನ್ನಡಕದ ಗಾಜಿನ ಆಚೆ ಇಣುಕಿ ನೋಡಿದಳು. ಯಂತ್ರ ಬೇಕಾಗಲಿಲ್ಲ.

"ಈ ಸಲ ಯಾರ ಹೆಸರೂ ಹೇಳಿಲ್ಲ ನಾನು," ಎಂದಳು ಪಿಸುದನಿಯಲ್ಲಿ. "ಒಪ್ಪಿಕೊಳ್ತೀಯಾ?"

"ಒಪ್ಪಿಕೊಂಡೆ," ಎಂದ ಅವನು. "ಆ ಸೋಮವಾರಾನೇ ಒಪ್ಪಿಕೊಂಡಿದ್ದೆ. ನೀನು ಅಡುಗೆಯವಳನ್ನ ಹಿಡ್ಕೊಂಡು ಹೋದೆ!"